ಕೇಳಿದರೆ ತಾನೆ ಸೂತಕ

ಬೇಲೂರಿನ ನಮ್ಮ ಬೀದಿಯಲ್ಲಿ ಮಡಿ-ಮೈಲಿಗೆಯ ಸಂದೇಹ ಬಂದರೆ ಜನ ನೇರವಾಗಿ ನನ್ನ ಹತ್ತಿರ ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬ ಅಂತಲೇ ಇಟ್ಟುಕೊಳ್ಳಿ. ಚೆಲುವಾಂಬ ಅಂದರೆ ಮಡಿ, ಮಡಿ ಅಂದರೆ ಚೆಲುವಾಂಬ. ಅಂಥ ನಾನು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ರಜೆಯಲ್ಲಿ ಹತ್ತು ದಿನ ಮನೆಮಂದಿಗೆಲ್ಲ ಸುಳ್ಳು ಹೇಳಿದೆ. ಯಾಕೆ ಅಂತ ಕೇಳಿ.

ನನ್ನ ಸೊಸೆ ಮೇಧಿನಿ ಅರಸೀಕೆರೆಯವಳು. ಅವಳ ತಂದೆ ಅಲ್ಲಿ ರೈಲ್ವೆಯಲ್ಲಿ ಗುಮಾಸ್ತರು. ನಾವು ಹೆಣ್ಣು ನೋಡಲು ಹೋದಾಗ ಹುಡುಗಿ ತಲೆ ತಗ್ಗಿಸಿಕೊಂಡು, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಂದು ಕಾಫಿ ಕೊಟ್ಟಳು. ಎಂಥ ನಾಚಿಕೆ, ಎಂಥ ವಿನಯ ಅಂತ ನಾನು ಅಲ್ಲೇ ಒಪ್ಪಿಕೊಂಡೆ. ಮದುವೆಯಾದ ಮೂರನೇ ದಿನ ಪೆಟ್ಟಿಗೆಯಿಂದ ಕನ್ನಡಕ ಆಚೆ ಬಂತು. ಮೈನಸ್ ಎಂಟು! ನಾಚಿಕೆಯೂ ಅಲ್ಲ, ವಿನಯವೂ ಅಲ್ಲ, ಅವತ್ತು ಆ ಹುಡುಗಿಗೆ ನೆಲವೇ ಸರಿಯಾಗಿ ಕಂಡಿರಲಿಲ್ಲ.

ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ. "ಸೋಡಾಬುಡ್ಡಿ" ಅಂದೆ. ಒಂದು ಸಲ ಅಂದು ಬಿಟ್ಟಿದ್ದರೆ ಚಿಂತೆಯಿರಲಿಲ್ಲ, ಮೂರು ವರ್ಷ ಅಂದೆ. ಅವಳು ಎದುರು ಮಾತಾಡುವವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಹುಡುಗಿ, ಸಂಜೆ ನಮ್ಮ ಮನೆ ಮೆಟ್ಟಿಲು ಹತ್ತುವಾಗ ಕನ್ನಡಕ ತೆಗೆದು ಬ್ಯಾಗಿಗೆ ಹಾಕಿಕೊಂಡು ಒಳಗೆ ಬರುತ್ತಿದ್ದಳು. ನನ್ನೆದುರು ಹಾಕುತ್ತಲೇ ಇರಲಿಲ್ಲ. ಹಾಗೇ ತಡವರಿಸುತ್ತ ಕೆಲಸ ಮಾಡುವಳು. ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕಿದರೆ ಅದಕ್ಕೂ ನನ್ನಿಂದ ಅರ್ಚನೆ.

ಆ ಏಪ್ರಿಲ್‌ನಲ್ಲಿ ಅವಳು ಬೆಂಗಳೂರಿಗೆ ಹೋಗಿ ಲೇಸರ್ ಮಾಡಿಸಿಕೊಳ್ಳುತ್ತೇನೆ ಅಂದಳು. "ಹತ್ತು ನಿಮಿಷದ ಕೆಲಸ ಅಮ್ಮ. ಹೊಲಿಗೆ ಇಲ್ಲ, ಕಟ್ಟು ಇಲ್ಲ. ಆಮೇಲೆ ಕನ್ನಡಕವೇ ಬೇಡ."

ನನ್ನ ಎದೆ ಧಸಕ್ಕೆಂದಿತು. ಇದ್ದ ಕಣ್ಣೂ ಹೋದರೆ? ಹೋದರೆ ಅದು ಯಾರ ಬಾಯಿಂದ ಹೋದ ಹಾಗಾಯಿತು? "ಬೇಡ ಕಣೇ" ಅಂದೆ. "ನೀವೇ ಅಲ್ವಾ ಅಮ್ಮ ಮೂರು ವರ್ಷದಿಂದ..." ಅಂತ ನನ್ನ ಮಗ ವಿಜಯಸಾರಥಿ ಶುರುಮಾಡಿದ. ಮೇಧಿನಿ ಅವನ ತೋಳು ಚಿವುಟಿ ಸುಮ್ಮನಾಗಿಸಿದಳು. ಇಬ್ಬರೂ ಹೋಗಿ ಮಾಡಿಸಿಕೊಂಡೇ ಬಂದರು.

ಮೂರನೇ ದಿನ ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹಿಡಿದು ಮನೆಗೆ ಬಂದರು. ಬಂದವಳೇ ಕರಿ ಕನ್ನಡಕ ಸ್ವಲ್ಪ ಎತ್ತಿ, ನಡುಮನೆಯ ಆ ತುದಿಯಲ್ಲಿದ್ದ ಕ್ಯಾಲೆಂಡರನ್ನು ಬಾಗಿಲಲ್ಲೇ ನಿಂತು ಓದಿದಳು. ಏಕಾದಶಿ, ಪ್ರದೋಷ, ಅಂಗಡಿಯ ಫೋನ್ ನಂಬರ್, ಎಲ್ಲ. ನನ್ನ ಯಜಮಾನರು ಸಂಪತ್ಕುಮಾರ್, ರಿಟೈರಾದ ಸಂಸ್ಕೃತ ಮೇಷ್ಟ್ರು, ಚಿಕ್ಕ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ನನಗೂ ಹಿಗ್ಗಾಯಿತು, ತೋರಿಸಿಕೊಳ್ಳಲಿಲ್ಲ ಅಷ್ಟೆ.

ಡಾಕ್ಟರು ಒಂದು ಚೀಟಿ ಕೊಟ್ಟಿದ್ದರು. ಎರಡು ವಾರ ಕಣ್ಣಿಗೆ ಒಂದು ತೊಟ್ಟು ನೀರು ತಾಗಕೂಡದು. ತಲೆಗೆ ಸ್ನಾನ ಕೂಡದು. ಕಣ್ಣುಜ್ಜಕೂಡದು, ಒಲೆ ಮುಂದೆ ನಿಲ್ಲಕೂಡದು. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್. ಅದನ್ನು ನಾನೇ ಹಾಕಿದೆ. ತೊಡೆ ಮೇಲೆ ಅವಳ ತಲೆ ಇಟ್ಟುಕೊಂಡು, ರೆಪ್ಪೆ ಮೆಲ್ಲಗೆ ಎಳೆದು, ಉಸಿರು ಬಿಗಿಹಿಡಿದು.

ನಾಲ್ಕನೇ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಮೈಸೂರಿನಿಂದ ಫೋನ್ ಬಂತು. ಯಜಮಾನರ ದೊಡ್ಡಪ್ಪ ತೀರಿಕೊಂಡರು. ತೊಂಬತ್ತನಾಲ್ಕು ವರ್ಷ, ನಿದ್ದೆಯಲ್ಲೇ ಹೋದರಂತೆ, ಪುಣ್ಯಾತ್ಮ.

ನಮ್ಮಲ್ಲಿ ದಾಯಾದಿ ಸತ್ತ ಸುದ್ದಿ ಬಂದರೆ ಹತ್ತು ದಿನ ಸೂತಕ. ಕೇಳಿದ ಕ್ಷಣವೇ ಉಟ್ಟ ಬಟ್ಟೆಯಲ್ಲಿ ತಲೆ ಮೇಲೆ ನೀರು ಹುಯ್ದುಕೊಳ್ಳಬೇಕು. ಮಗುವಿರಲಿ, ಮುದುಕರಿರಲಿ. ಕಾಯಿಲೆಯವರಿಗೆ ರಿಯಾಯಿತಿ ಉಂಟಲ್ಲ ಅಂತ ನೀವು ಕೇಳಬಹುದು. ಉಂಟು. ಆದರೆ "ಅದೆಲ್ಲ ಸೋಮಾರಿಗಳ ಶಾಸ್ತ್ರ" ಅಂತ ಬೀದಿ ತುಂಬ ಸಾರಿದವಳು ನಾನೇ. ಹಿಂದಿನ ವರ್ಷ ಇಂಥದ್ದೇ ಒಂದು ಸುದ್ದಿ ಬಂದಾಗ ಮೇಧಿನಿ ಜ್ವರದಲ್ಲಿ ಮಲಗಿದ್ದಳು. "ಸೂತಕಕ್ಕೆ ಜ್ವರ ಗೊತ್ತಾಗಲ್ಲ ಕಣೇ, ಏಳು" ಅಂದೆ. ಎದ್ದು ಹೋಗಿ ಸ್ನಾನ ಮಾಡಿ ಬಂದಳು. ಆಮೇಲೆ ಮೂರು ವಾರ ಕೆಮ್ಮಿದಳು. ಅವಳು ಕೆಮ್ಮಿದಾಗಲೆಲ್ಲ ಎದ್ದು ಶುಂಠಿ ಕಷಾಯ ಕಾಯಿಸಿ ಕೊಟ್ಟೆ, ಆದರೂ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ.

ಈಗಲೂ ಅಷ್ಟೆ. ಸುದ್ದಿ ಕೇಳಿದರೆ ಈ ಹುಡುಗಿ ನಾನು ಹೇಳುವುದಕ್ಕೂ ಕಾಯದೆ ಬಚ್ಚಲಿಗೆ ಹೋಗುತ್ತಾಳೆ. ನೀರು ಕಣ್ಣಿಗೆ ಬೀಳುತ್ತದೆ. ಕಣ್ಣು ಹೋಗುತ್ತದೆ.

ರಿಸೀವರ್ ಹಿಡಿದುಕೊಂಡೇ ಯೋಚಿಸಿದೆ. ಆಗ ಹೊಳೆಯಿತು ನೋಡಿ. ಸೂತಕ ಅಂಟುವುದು ಸತ್ತಾಗ ಅಲ್ಲ, ಕೇಳಿದಾಗ. ಕೇಳದವರಿಗೆ ಸೂತಕವೇ ಇಲ್ಲ. ಹತ್ತು ದಿನ ದಾಟಿದ ಮೇಲೆ ಕೇಳಿದರೆ ಒಂದು ಸ್ನಾನ, ಮೂರೇ ದಿನದ ಸೂತಕ. ಹತ್ತು ದಿನ ದಾಟುವ ಹೊತ್ತಿಗೆ ಡಾಕ್ಟರ ಎರಡು ವಾರವೂ ಮುಗಿದಿರುತ್ತದೆ! ಶಾಸ್ತ್ರ ಮೀರುವ ಪ್ರಶ್ನೆಯೇ ಇಲ್ಲ, ಒಬ್ಬರಿಗೆ ಹೇಳಿದರೂ ಅವಳಿಗೆ ತಿಳಿದುಬಿಡುತ್ತದೆ, ಯಜಮಾನರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದರಾಯಿತು. ಅದೊಂದನ್ನೇ ನಾನು ಈ ಜನ್ಮದಲ್ಲಿ ಅಭ್ಯಾಸ ಮಾಡಿರಲಿಲ್ಲ.

"ಇವರಿಗೆಲ್ಲ ನಾನು ಹೇಳ್ತೀನಪ್ಪ. ನೀನು ಮತ್ತೆ ಫೋನ್ ಮಾಡೋ ಶ್ರಮ ತಗೋಬೇಡ" ಅಂತ ಫೋನ್ ಮಾಡಿದ್ದ ದೊಡ್ಡಪ್ಪನ ಮೊಮ್ಮಗನಿಗೆ ಅಂದೆ. ಯಾವತ್ತು ಹೇಳುತ್ತೇನೆ ಅಂತ ಅವನೂ ಕೇಳಲಿಲ್ಲ.

ಆದರೆ ನನ್ನ ಕಿವಿಗೆ ಬಿದ್ದಾಗಿತ್ತಲ್ಲ! ನಾನು ಸ್ನಾನ ಮಾಡಲೇಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಅಂತ ಕೇಳಿದರೆ? "ಅಯ್ಯಯ್ಯೋ, ಹಲ್ಲಿ ಬಿತ್ತು! ತಲೆ ಮೇಲೆ ಹಲ್ಲಿ ಬಿತ್ತು!" ಅಂತ ಕೂಗಿಕೊಂಡು ಬಚ್ಚಲಿಗೆ ಓಡಿದೆ. ಯಜಮಾನರು ಪಂಚಾಂಗದಲ್ಲಿ ಹಲ್ಲಿ ಬಿದ್ದ ಫಲ ನೋಡಿ, "ಕಲಹ ಅಂತಿದೆ ಕಣೇ. ನಮ್ಮ ಮನೆಗೇನು ಹೊಸದಲ್ಲ ಬಿಡು" ಅಂದರು. ನೀರು ಹುಯ್ದುಕೊಳ್ಳುವಾಗ ದೊಡ್ಡಪ್ಪನನ್ನು ನೆನೆದು ಅತ್ತೆ. ನಾನು ಹೊಸ ಸೊಸೆಯಾಗಿದ್ದಾಗ ನನ್ನ ಪುಳಿಯೋಗರೆಯನ್ನು ಮೂರು ಸಲ ಹಾಕಿಸಿಕೊಂಡು ತಿಂದ ಏಕೈಕ ಮನುಷ್ಯ ಅವರು.

ಸೂತಕದವಳು ದೇವರಿಗೆ ಅಡಿಗೆ ಮಾಡುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಮಂಡಿ ನೋವು ಅಂದೆ. ಫೋನಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತುಬಿಟ್ಟೆ. ಅಡಿಗೆಮನೆ ಗಂಡಸರ ಕೈಗೆ ಹೋಯಿತು. ಅಬ್ಬಬ್ಬಾ! ಯಜಮಾನರು ಪೂಜೆ ಮುಗಿಸಿ ಮಡಿಯಲ್ಲೇ ಸಾರಿಗಿಟ್ಟರೆ ಒಂದು ದಿನ ಹುಳಿ ಇಲ್ಲ, ಒಂದು ದಿನ ಬೇಳೆ ಇಲ್ಲ. ವಿಜಯಸಾರಥಿ ತಾಲ್ಲೂಕು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಅನ್ನ ಸೀಯಿಸುವನು. ನಾನು ಕೂತಲ್ಲಿಂದಲೇ "ಇಂಗು! ಇಂಗು!" ಅಂತ ಕೂಗುವೆ. ಮೇಧಿನಿ ಮುಖಕ್ಕೆ ಸೆರಗು ಅಡ್ಡ ಹಿಡಿದು ನಗುವಳು.

ಡ್ರಾಪ್ಸ್ ಹಾಕುವುದೇ ಕಷ್ಟವಾಯಿತು. ಮುಟ್ಟಿದರೆ ಅವಳು ಸ್ನಾನ ಮಾಡಬೇಕು, ಮುಟ್ಟದಿದ್ದರೆ ಹಾಕುವುದು ಹೇಗೆ? ಯಜಮಾನರ ಕೈ ನಡುಗುತ್ತದೆ, ಬೆಳಗ್ಗೆ ರಾತ್ರಿ ಮಗನಿಗೆ ಬಿಟ್ಟರೂ ಮಧ್ಯಾಹ್ನ ಅವನು ಮನೆಯಲ್ಲಿರುವುದಿಲ್ಲ. ಅವಳನ್ನು ಮಲಗಿಸಿ, ತೀರ್ಥ ಬಿಡುವ ಹಾಗೆ ಒಂದು ಗೇಣು ಮೇಲಿಂದ ಹನಿ ಬಿಟ್ಟೆ. ಮೊದಲನೇದು ಮೂಗಿನ ಮೇಲೆ, ಎರಡನೇದು ಹಣೆ ಮೇಲೆ, ಮೂರನೇದು ಕಣ್ಣಿಗೆ. ಎರಡು ದಿನದಲ್ಲಿ ಗುರಿ ಕುದುರಿತು. "ರೆಪ್ಪೆ ಹಿಡಿಯಲ್ವಾ ಅಮ್ಮ?" ಅಂದಳು. "ಕೈಯಲ್ಲಿ ಕ್ರಿಮಿ ಇರತ್ತೆ ಅಂತ ನೀನೇ ಪಾಠ ಮಾಡೋದಲ್ವಾ" ಅಂದೆ.

ಪಾತ್ರೆ ತೊಳೆಯುವ ದ್ಯಾವಮ್ಮನ ಕಣ್ಣು ತಪ್ಪಿಸುವುದು ಮಾತ್ರ ಬ್ರಹ್ಮನಿಗೂ ಆಗದು. "ಏನ್ರವ್ವ, ಮಂಡಿ ನೋವು ಅಂತೀರ, ಫೋನು ಹೊಡ್ಕಂಡ್ರೆ ಜಿಂಕೆ ಹಂಗೆ ನೆಗೀತೀರ! ಇದ್ಯಾವ ಸೀಮೆ ಮಂಡಿ?"

"ನಿನ್ನ ಪಾತ್ರೆ ನೋಡ್ಕೊಳೇ. ತಳ ಜಿಡ್ಡು ಹಾಗೇ ಇದೆ."

"ಜಿಡ್ಡು ನಂಗೂ ಕಾಣ್ತೈತೆ, ಬುಡವ್ವ" ಅಂತ ನಕ್ಕಳು.

ಏಳನೇ ದಿನ ಪ್ರಾಣವೇ ಹೋದ ಹಾಗಾಯಿತು. ಹೊರಗೆ ಪೋಸ್ಟ್‌ಮನ್ ಸೈಕಲ್ ಗಂಟೆ. ನಾನು ಏಳುವುದರೊಳಗೆ ಮೇಧಿನಿ ಗೇಟಿನಲ್ಲಿದ್ದಳು. ಅವಳ ಕೈಯಲ್ಲಿ ಕಾರ್ಡು, ಮೈಸೂರಿನದು, ಕರ್ಮಾಂತರದ್ದು. "ಓದಬೇಡ! ಕಣ್ಣಿಗೆ ಆಯಾಸ!" ಅಂತ ಕಿರುಚಿದೆ. ಅವಳು ಕಾರ್ಡನ್ನು ಬೋರಲಾಗಿ ಹಿಡಿದುಕೊಂಡು ಬಂದು ನನ್ನ ಮುಂದೆ ನೆಲದ ಮೇಲಿಟ್ಟಳು. "ಓದಿಲ್ಲ ಅಮ್ಮ. ಹೊರಗೆ ಬಿಸಿಲು, ಕಣ್ಣೇ ಬಿಡಕ್ಕಾಗಲಿಲ್ಲ" ಅಂದಳು. ಕಾರ್ಡು ಬಚ್ಚಲ ಒಲೆ ಸೇರಿತು. ರಾತ್ರಿಯೆಲ್ಲ ದೊಡ್ಡಪ್ಪನ ಕ್ಷಮೆ ಕೇಳಿದೆ.

ಅಂತೂ ಹದಿನಾಲ್ಕನೇ ದಿನ ಬೆಳಗಾಯಿತು. ದೊಡ್ಡಪ್ಪ ತೀರಿಕೊಂಡು ಹತ್ತು ದಿನ ದಾಟಿತ್ತು. ನಾನು ಸ್ನಾನ ಮಾಡಿ ಶುದ್ಧಳಾಗಿ, ಹಂಡೆ ತುಂಬ ನೀರು ಕಾಯಿಸಿ, ಎಲ್ಲರನ್ನೂ ನಡುಮನೆಗೆ ಕರೆದೆ. ಹೇಳಿದೆ. ಮೈಸೂರು ದೊಡ್ಡಪ್ಪ ಹೋದರು, ಹೋಗಿ ಹತ್ತು ದಿನ ದಾಟಿತು, ನನಗೆ ಅವತ್ತೇ ಗೊತ್ತಿತ್ತು, ಇವಳ ಕಣ್ಣಿಗೆ ನೀರು ತಾಗಬಾರದು ಅಂತ ನಾನೇ ಮುಚ್ಚಿಟ್ಟೆ.

ಯಜಮಾನರ ಮುಖ ಸಣ್ಣದಾಯಿತು. "ನನ್ನನ್ನ ಎತ್ತಿ ಆಡಿಸಿದವರು ಕಣೇ. ಮುಖ ನೋಡಕ್ಕೆ ಹೋಗಬಹುದಿತ್ತು" ಅಂದರು. ತಪ್ಪಾಯಿತು ಅಂದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮಾತು ಮೊದಲನೇ ಸಲ ನನ್ನ ಬಾಯಿಂದ ಬಂದದ್ದು. ಅವರಿಗೇ ಗಾಬರಿಯಾಗಿ, "ದೊಡ್ಡಪ್ಪನಿಗೂ ಕೊನೆ ಹದಿನೈದು ವರ್ಷ ಕಣ್ಣಿರಲಿಲ್ಲ. ಕೇಳಿದ್ದಿದ್ರೆ ಅವರೂ ಇದನ್ನೇ ಹೇಳ್ತಿದ್ರೇನೋ" ಅಂದು ಬಾವಿಕಟ್ಟೆಗೆ ಹೋದರು. ಆಮೇಲೂ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಅದು ನ್ಯಾಯವೇ.

ಮೇಧಿನಿ ಮಾತ್ರ ನಿಂತೇ ಇದ್ದಳು.

"ನಂಗೆ ಗೊತ್ತಿತ್ತು ಅಮ್ಮ" ಅಂದಳು.

"ಕಾರ್ಡು ಓದಿದ್ಯಾ?"

"ಕಾರ್ಡಿಗಿಂತ ಮುಂಚೇನೇ. ಹಲ್ಲಿ ಬಿತ್ತು ಅಂತ ನೀವು ಓಡಿದ್ರಲ್ಲ, ನಾನು ಮಂಚದ ಮೇಲಿಂದ ಮೇಲೆ ನೋಡಿದೆ. ಹಲ್ಲಿ ಗೋಡೆ ಮೇಲೇ ಇತ್ತು, ಗಡಿಯಾರದ ಪಕ್ಕ, ಅಲ್ಲಾಡದೆ. ಮೊದಲಾಗಿದ್ರೆ ನಂಗೆ ಗಡಿಯಾರಾನೇ ಕಾಣ್ತಿರಲಿಲ್ಲ. ಅದಕ್ಕೂ ಮುಂಚೆ ಫೋನಿನಲ್ಲಿ ದೊಡ್ಡಪ್ಪನ ಹೆಸರು ಹೇಳಿದ್ರಿ. ನಿಮ್ಮ ಪಿಸುಮಾತು ಹಳೇಬೀಡಿಗೂ ಕೇಳತ್ತೆ ಅಮ್ಮ."

ನನಗೆ ತಲೆ ಗಿರ್ರೆಂದಿತು. ಹಾಗಾದರೆ ಹತ್ತು ದಿನ ಈ ಮನೆಯಲ್ಲಿ ಸೂತಕ ಕೇಳಿದವಳು ಸ್ನಾನವಿಲ್ಲದೆ ಓಡಾಡಿದ್ದಾಳೆ! ದೇವರ ಮನೆ?

"ದೀಪದ ಬೆಳಕು ಚುಚ್ಚತ್ತೆ ಅಂತ ಹೇಳಿ ಆ ಕಡೆ ಹೋಗೇ ಇಲ್ಲ. ಮಾವನವರನ್ನೂ ಇವರನ್ನೂ ಮುಟ್ಟಿಲ್ಲ. ಬೆಳಗ್ಗೆ ರಾತ್ರಿ ಡ್ರಾಪ್ಸ್ ಕನ್ನಡಿ ನೋಡ್ಕೊಂಡು ನಾನೇ ಹಾಕ್ಕೊಂಡೆ. ಸ್ನಾನ ಒಂದು ಮಾಡಲಿಲ್ಲ." ತಲೆ ತಗ್ಗಿಸಿದಳು, ಹೆಣ್ಣು ನೋಡಲು ಹೋದ ದಿನದ ಹಾಗೇ. "ಎದ್ದು ಬಚ್ಚಲಿಗೆ ಹೋಗಬೇಕು ಅಂತಿದ್ದೆ ಅಮ್ಮ. ಅಷ್ಟರಲ್ಲಿ ನೀವು ಒದ್ದೆ ತಲೆಯಲ್ಲಿ ಆಚೆ ಬಂದ್ರಿ. ಬಾಗಿಲ ಹತ್ತಿರ ನಿಂತು ನನ್ನ ಕಡೆ ನೋಡಿದ್ರಿ, ನಾನು ನಿದ್ದೆ ಮಾಡ್ತಿದೀನಿ ಅಂತ. ಕರಿ ಕನ್ನಡಕದೊಳಗೆ ನಾನು ಕಣ್ಣು ಬಿಟ್ಕೊಂಡೇ ಇದ್ದೆ. ನಿಮ್ಮ ಮುಖಾನ ಅಷ್ಟು ದೂರದಿಂದ ನೋಡಿದ್ದು ಅದೇ ಮೊದಲು. ಮೂರು ವರ್ಷ ಆ ಬಾಗಿಲಿಂದ ನಿಮ್ಮ ಧ್ವನಿ ಒಂದೇ ಬರ್ತಿತ್ತು ನಂಗೆ. ಮುಖ ಹೀಗಿರತ್ತೆ ಅಂತ ಗೊತ್ತೇ ಇರಲಿಲ್ಲ."

"ಹೇಗಿತ್ತು?" ಅಂದೆ. ಗದರುವ ಹಾಗೆ ಕೇಳಬೇಕು ಅಂತಿದ್ದೆ, ಮೆಲ್ಲಗೆ ಬಂತು.

"ಲೇಸರ್ ಅಂದಾಗ ನಮ್ಮಮ್ಮನ ಮುಖ ಹೆದರಿದ್ದಕ್ಕಿಂತ ಹೆಚ್ಚು ಹೆದರಿತ್ತು" ಅಂದಳು.

ಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತ ಏನು ಅಂತ ಬೀದಿಯವರು ಕೇಳಿದ್ದರೆ ಗಂಟೆಗಟ್ಟಲೆ ಹೇಳುತ್ತಿದ್ದೆ. ಅವತ್ತು ಒಂದೂ ನೆನಪಾಗಲಿಲ್ಲ. "ಮೂರು ವರ್ಷ ಸೋಡಾಬುಡ್ಡಿ ಅಂದಿದ್ದಕ್ಕೂ ತಪ್ಪಾಯ್ತು ಕಣೇ" ಅಂದೆ. ಒಂದೇ ದಿನ ಎರಡು ಸಲ. "ನಡಿ ಬಚ್ಚಲಿಗೆ."

ಅವಳನ್ನು ಮಣೆಯ ಮೇಲೆ ಕೂರಿಸಿದೆ. ಹತ್ತು ದಿನದ ಮೇಲೆ ಅವಳನ್ನು ಮುಟ್ಟಿದೆ. ಎಡಗೈಯನ್ನು ಅವಳ ಹಣೆಗೆ ಅಡ್ಡವಾಗಿ ಒತ್ತಿ ಹಿಡಿದು, ಒಂದು ತೊಟ್ಟೂ ಮುಂದಕ್ಕೆ ಜಾರದ ಹಾಗೆ ನೋಡಿಕೊಂಡು, ಬಲಗೈಯಲ್ಲಿ ಚೊಂಬು ಬಗ್ಗಿಸಿದೆ.

"ಕಣ್ಣು ಮುಚ್ಕೊಳೇ."

"ನಿಮ್ಮ ಕೈ ಇದೆಯಲ್ಲ ಅಮ್ಮ" ಅಂದಳು. ಮುಚ್ಚಲಿಲ್ಲ, ನನ್ನನ್ನೇ ನೋಡುತ್ತ ಕೂತಿದ್ದಳು.