ಶಂಕ್ರವ್ವ ಒಗೆದ ಗ್ಲೌಸು

ಸೊಲೆನ್‌ಳದು ಅವಳ ಅಪ್ಪನ ಕೈ. ಫ್ರಾನ್ಸಿನ ಪಶ್ಚಿಮದ ಬಂದರು ಬ್ರೆಸ್ಟಿನಲ್ಲಿ ಅಪ್ಪ ಮೀನಿನ ಬಲೆ ಎಳೆಯುತ್ತಿದ್ದ. ಆಸ್ತಿಪಾಸ್ತಿ ಏನೂ ಬಿಡದೆ, ಆ ಅಗಲವಾದ ಅಂಗೈಗಳನ್ನಷ್ಟೇ ಮಗಳಿಗೆ ಬಿಟ್ಟುಹೋದ. ಮಗಳು ಅದನ್ನೇ ಬಂಡವಾಳ ಮಾಡಿಕೊಂಡು ಗೋಲ್‌ಕೀಪರ್ ಆದಳು. ಅವಳ ಕಾಲದಲ್ಲಿ ಅಲ್ಲಿಯ ಹೆಂಗಸರ ಫುಟ್‌ಬಾಲಿನಿಂದ ಹೆಸರು ಬರುತ್ತಿತ್ತೇ ಹೊರತು ಹೊಟ್ಟೆ ತುಂಬುತ್ತಿರಲಿಲ್ಲ. ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವುದು, ಸಂಜೆ ಕೆಸರಿನಲ್ಲಿ ಬಿದ್ದೇಳುವುದು. 2001ರಲ್ಲಿ ಅಮೆರಿಕದಲ್ಲಿ ಹೆಂಗಸರಿಗೂ ಸಂಬಳ ಕೊಟ್ಟು ಆಡಿಸುವ ಲೀಗ್ ಶುರುವಾದಾಗ ಯಾರನ್ನೂ ಕೇಳದೆ ಪೆಟ್ಟಿಗೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದಳು.

ಕೆಲವು ವರ್ಷ ಪ್ರೊ ಆಟಗಾರ್ತಿ ಎಂದು ಎದೆಯುಬ್ಬಿಸಿ ಓಡಾಡಿದ್ದೂ ಆಯಿತು. ಆಮೇಲೆ ಲೀಗೇ ಬಾಗಿಲು ಹಾಕಿಕೊಂಡಿತು. ಜೊತೆಯವರು ಊರಿಗೆ ಮರಳಿದರು. ಇವಳು ಮಾತ್ರ ಸ್ಯಾನ್ ಡಿಯೇಗೊದಲ್ಲೇ ಉಳಿದು, ಶಾಲೆಯ ಹುಡುಗಿಯರಿಗೆ ಕೋಚಿಂಗ್ ಕೊಡುತ್ತ, ಬೇಸಿಗೆಯ ಹವ್ಯಾಸಿ ಲೀಗಿನಲ್ಲಿ ಪೆಲಿಕನ್ಸ್ ಎಂಬ ತಂಡದ ಗೋಲು ಕಾಯುತ್ತ ಕಾಲ ತಳ್ಳಿದಳು. ಇಳಕಲ್ಲಿನ ಸಿದ್ಧಲಿಂಗೇಶ ಅವಳಿಗೆ ಸಿಕ್ಕಿದ್ದು ಆಗಲೇ. ಟೆಲಿಕಾಂ ಎಂಜಿನಿಯರಾದ ಅವನು ಒಂದು ಭಾನುವಾರ ಪಾರ್ಕಿನಲ್ಲಿ ಇವಳಿಗೆ ಪೆನಾಲ್ಟಿ ಹೊಡೆದು ತೋರಿಸುತ್ತೇನೆಂದು ಓಡಿಬಂದು, ಚೆಂಡು ಬಿಟ್ಟು ನೆಲ ಒದ್ದು ಕಾಲು ಉಳುಕಿಸಿಕೊಂಡ. ಅವನನ್ನು ಎತ್ತಿ ಕಾರಿಗೆ ಹಾಕಿದವಳು ಅವಳೇ. ಅಂಥವನನ್ನು ಮದುವೆಯಾಗದೆ ಇನ್ನೇನು ಮಾಡುವುದು?

2007ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯೇಗೊದ ಮೀರಾ ಮೆಸಾ ಬಡಾವಣೆಯ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಮಗನಿಗೆ ಚನ್ನವೀರ ಎಂದು ಹೆಸರಿಟ್ಟರು. ಸೊಸೆಗೆ ತವರಿನಿಂದ ಬರುವವರು ಯಾರೂ ಇಲ್ಲ ಎಂದು ತಿಳಿದ ಅತ್ತೆ ಶಂಕ್ರವ್ವ ತಾನೇ ಬಾಣಂತನಕ್ಕೆ ಬಂದಳು. ಬಂದವಳೇ ಸೊಲೆನ್‌ಳ ಕೈ ಹಿಡಿದು ತಿರುಗಿಸಿ ನೋಡಿ, "ಅಯ್ಯ ಶಿವನ! ಇವು ಕೈಯೋ ಜ್ವಾಳ ಕೇರೋ ಮರಾನೋ?" ಎಂದಳು. ಎಣ್ಣೆ ತಿಕ್ಕಿದಳು, ಬಿಸಿನೀರು ಹುಯ್ದಳು, ಅಂಟಿನ ಉಂಡಿ ತಿನ್ನಿಸಿದಳು. ಇಬ್ಬರ ನಡುವೆ ಇದ್ದ ಭಾಷೆ "ಬೇಕು, ಬ್ಯಾಡ, ಸಾಕು, ಇನ್ನೊಂದೀಟು" ಅಷ್ಟೇ. ಮನೆ ನಡೆಯಲು ಅಷ್ಟು ಧಾರಾಳವಾಯಿತು. ವೀಸಾ ಎಕ್ಸ್‌ಟೆಂಡ್ ಮಾಡಿಸಿಕೊಂಡು ಶಂಕ್ರವ್ವ ಬೇಸಿಗೆಯವರೆಗೂ ಉಳಿದಳು.

ಆ ಬೇಸಿಗೆಯಲ್ಲೇ ಸುದ್ದಿ ಬಂತು. ಬರುವ ವರ್ಷ ಮತ್ತೆ ಪ್ರೊ ಲೀಗ್ ಶುರುವಾಗುತ್ತದಂತೆ, ಲಾಸ್ ಏಂಜಲೀಸಿನ ತಂಡಕ್ಕೆ ಇನ್ನೂ ಒಬ್ಬ ಗೋಲ್‌ಕೀಪರ್ ಬೇಕಂತೆ. ಅದರ ಕೋಚ್, ಹ್ಯಾರಿಯೆಟ್ ಎಂಬ ಬಿಳಿಗೂದಲಿನ ಹೆಂಗಸು, ಶನಿವಾರ ಸ್ಯಾಂಟಾ ಕ್ಲಾರಿಟಾದಲ್ಲಿ ನಡೆಯುವ ಹವ್ಯಾಸಿ ಲೀಗಿನ ಫೈನಲ್ ನೋಡಲು ಬರುತ್ತಾಳೆ. ಪೆಲಿಕನ್ಸ್ ಫೈನಲ್ ತಲುಪಿತ್ತು. ಸೊಲೆನ್‌ಗೆ ಮೂವತ್ನಾಲ್ಕು. ಈ ಸಲ ಕೈತಪ್ಪಿದರೆ ಇನ್ನೊಂದು ಸಲ ಎಂಬುದಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಂದು ಕೊರಗಿತ್ತು. ಹೆರಿಗೆಯಾದ ಮೇಲೆ ಅವಳು ಗೋಲಿನ ಗೆರೆಗೆ ಅಂಟಿಕೊಂಡಿದ್ದಳು. ಮೇಲಿಂದ ತೇಲಿ ಬರುವ ಚೆಂಡಿಗೆ ಮುಂದೆ ನುಗ್ಗಲು ಕಾಲು ಏಳುತ್ತಿರಲಿಲ್ಲ. ನೂರಕ್ಕೆ ನೂರು ಕೈಗೆ ಸಿಗುತ್ತದೆ ಎಂದು ಖಾತ್ರಿಯಾಗುವವರೆಗೆ ಕಾಯುವುದು, ಅಷ್ಟರಲ್ಲಿ ಚೆಂಡು ಇನ್ನೊಬ್ಬರ ತಲೆಗೆ ಸಿಗುವುದು. ಗುದ್ದಿ ಆಚೆ ಕಳಿಸಬಹುದಲ್ಲ ಎಂದರೆ ಅವಳ ಮೂಗು ಸೊಟ್ಟಗಾಗುತ್ತಿತ್ತು. ಚೆಂಡನ್ನು ಗುದ್ದುವವಳು ಹೆದರುಪುಕ್ಕಲಿ, ಹಿಡಿಯುವವಳೇ ಗೋಲ್‌ಕೀಪರ್ ಎಂದು ಬ್ರೆಸ್ಟಿನ ಹಳೇ ಗುರು ತಲೆಗೆ ತುಂಬಿಬಿಟ್ಟಿದ್ದ. ಬ್ರೆಸ್ಟಿನಲ್ಲೂ ಇಲ್ಲಿಯೂ ಅವಳ ಹೆಸರು ನಿಂತಿದ್ದೇ ಆ ಹಿಡಿತದ ಮೇಲೆ.

ಶನಿವಾರ ಬೆಳಿಗ್ಗೆ ಬ್ಯಾಗ್ ಕಟ್ಟಲು ಹೋದರೆ ಗ್ಲೌಸ್ ಇಲ್ಲ. ಹಿತ್ತಲಿಗೆ ಹೋಗಿ ನೋಡಿದಳು. ಬಟ್ಟೆಯ ಹಗ್ಗಕ್ಕೆ, ಕೂಸಿನ ಅಂಗಿಗಳ ಸಾಲಿನಲ್ಲಿ, ಕ್ಲಿಪ್ಪು ಹಾಕಿಸಿಕೊಂಡು ಜೋತಾಡುತ್ತಿದ್ದವು. ಹಿಂದಿನ ದಿನವಿಡೀ ಜುಲೈ ಬಿಸಿಲು ಕುಡಿದು ಒಣ ರೊಟ್ಟಿಯಂತೆ ಸೆಟೆದಿದ್ದವು. ಗೋಲ್‌ಕೀಪರಿನ ಗ್ಲೌಸಿನ ಅಂಗೈಗೆ ಮೆತ್ತಗಿನ ರಬ್ಬರಿನ ಪದರ ಇರುತ್ತದೆ. ಚೆಂಡು ಅಂಟುವುದು ಅದಕ್ಕೇ. ಅದಕ್ಕೆ ಸೋಪು ತಾಗಿಸಬಾರದು, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಬೇಕು. ಶಂಕ್ರವ್ವ ಸೋಪಿನ ಪುಡಿ ಹಾಕಿ, ಬ್ರಷ್ಷಿನಿಂದ ಉಜ್ಜಿ, ಎಲ್ಲ ಶಕ್ತಿ ಹಾಕಿ ಹಿಂಡಿದ್ದಳು. ಪದರ ಬಿರುಕು ಬಿಟ್ಟು ಹೊಟ್ಟಿನ ಹಾಗೆ ಉದುರುತ್ತಿತ್ತು.

ಸೊಲೆನ್ ಫ್ರೆಂಚಿನಲ್ಲಿ ಕಿರುಚಿದಳು. ಏನಂದಳೋ ಸಿದ್ಧಲಿಂಗೇಶನಿಗೂ ಗೊತ್ತಾಗಲಿಲ್ಲ, ಗೊತ್ತಾಗದ್ದೇ ಒಳ್ಳೆಯದಾಯಿತು.

"ಯವ್ವಾ, ಅದನ್ಯಾಕ ಒಗಿಯಾಕ ಹೋದಿ?" ಎಂದು ಅವನು ತಲೆಯ ಮೇಲೆ ಕೈಹೊತ್ತು ನಿಂತ.

"ಹೊಲಸ ನಾರತಿತ್ತಲ್ಲೋ! ನಾಳೆ ದೊಡ್ಡ ದಿನ ಅಂತ ನೀನ ಹೇಳಿದಿ. ನಾಕ ಮಂದಿ ಮುಂದ ಹೊಲಸು ಹಾಕ್ಕೊಂಡು ನಿಂದ್ರೂದೇನು? ಹಬ್ಬಕ್ಕ ಹಾಕ್ಕೊಳ್ಳೂದು ಒಗದ ಹಾಕ್ಕೊಳ್ಳಬೇಕಪಾ," ಎಂದ ಶಂಕ್ರವ್ವ, ಸೊಸೆಯ ಮುಖ ನೋಡಿ ಅಲ್ಲಿಗೇ ಮಾತು ನಿಲ್ಲಿಸಿದಳು. ಮುಂದೆ ಸಿದ್ಧಲಿಂಗೇಶ ಬಿಡಿಸಿ ಹೇಳಿದ. "ನನ್ನ ಕೈಯಾರೆ ಹಾಳ ಮಾಡಿದ್ನೇನೋ?" ಎಂದು ಅವಳು ಉದುರಿದ ಪುಡಿಯನ್ನು ಸೆರಗಿನಲ್ಲಿ ಒಟ್ಟುಮಾಡತೊಡಗಿದಳು.

ಹಳೆಯ ಜೋಡಿ ಹಿಂದಿನ ವಾರವೇ ಹರಿದುಹೋಗಿತ್ತು. ಶಂಕ್ರವ್ವ, ಕೂಸು ಸಮೇತ ಹೊರಟು, ದಾರಿಯಲ್ಲಿ ಡೆಲ್ ಮಾರ್ ಹತ್ತಿರ ಫ್ರೀವೇ ಬಿಟ್ಟು ಇಳಿದು ಸ್ಪೋರ್ಟ್ಸ್ ಅಂಗಡಿ ಹುಡುಕಿದರು. ಇದ್ದದ್ದೆಲ್ಲ ಮಕ್ಕಳ ಸೈಜು. ತಂಡದ ಎರಡನೇ ಕೀಪರ್ ಕಾಲೇಜು ಹುಡುಗಿ, ಅವಳ ಗ್ಲೌಸಿನಲ್ಲಿ ಸೊಲೆನ್‌ಳ ನಾಲ್ಕು ಬೆರಳೂ ಪೂರ್ತಿ ಇಳಿಯಲಿಲ್ಲ. ಕೊನೆಗೆ ಆ ಸೆಟೆದ ಗ್ಲೌಸನ್ನೇ ಬಾಟಲಿ ನೀರಿನಲ್ಲಿ ನೆನೆಸಿ ತೊಟ್ಟಳು.

ಸ್ಯಾಂಟಾ ಕ್ಲಾರಿಟಾದ ಬಿಸಿಲು ಬೆಂಕಿಯಾಗಿತ್ತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಎದುರಾಳಿಗಳು ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಬಂತು. ಚೆಂಡು ನೇರ ಅವಳ ಕಡೆಗೇ ತೇಲಿ ಬಂತು, ಚಿಕ್ಕ ಮಕ್ಕಳೂ ಹಿಡಿಯುವಂಥದು. ಸೊಲೆನ್ ಎಂದಿನಂತೆ ಗೆರೆಯ ಮೇಲೆ ನಿಂತೇ ಎರಡೂ ಕೈ ಎತ್ತಿದಳು. ಚೆಂಡು ಕೈಗೆ ಬಂತು, ಸೋಪಿನ ಬಿಲ್ಲೆಯಂತೆ ಜಾರಿತು, ಹಿಂದಿನ ಬಲೆಗೆ ಹೋಗಿ ಕೂತಿತು. ಗ್ಯಾಲರಿಯಲ್ಲಿ ಹ್ಯಾರಿಯೆಟ್ ಪಕ್ಕದವರ ಕಡೆ ತಿರುಗಿ ಏನೋ ಅಂದು ನಕ್ಕದ್ದು ಸೊಲೆನ್‌ಗೆ ಕಾಣಿಸಿತು. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಮೊದಲು ಅತ್ತೆಯ ಮೇಲೆ, ಆಮೇಲೆ ತನ್ನ ಮೇಲೆ.

ಬಿಡುವಿನಲ್ಲಿ ಪೆಲಿಕನ್ಸ್ ಕೋಚ್ ಕಾಲೇಜು ಹುಡುಗಿಗೆ ವಾರ್ಮ್ ಅಪ್ ಮಾಡಲು ಹೇಳಿದ.

"ಇನ್ನೊಂದು ಕಾರ್ನರ್ ನೋಡು," ಎಂದಳು ಸೊಲೆನ್. "ಅದೂ ಹೋದರೆ ನಾನೇ ಹೊರಗೆ ಬರ್ತೀನಿ."

ಅವನು ಅವಳ ಕಣ್ಣು ನೋಡಿ ಒಪ್ಪಿದ.

ಗೋಲಿಗೆ ನಡೆಯುತ್ತ ಅವಳು ಲೆಕ್ಕ ಹಾಕಿದಳು. ಹಿಡಿಯುವುದಂತೂ ಇವತ್ತು ಸಾಧ್ಯವಿಲ್ಲ, ಮುಗಿಯಿತು. ಚೆಂಡು ತನ್ನ ತನಕ ಬರಲಿ ಎಂದು ಕಾದು ನಿಂತರೆ ಮತ್ತೆ ಜಾರುತ್ತದೆ. ಗುದ್ದಬೇಕು. ಗುದ್ದಬೇಕಾದರೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಮೇಲೆ ಇರಬೇಕು. ಎಂದರೆ ಗೆರೆ ಬಿಡಬೇಕು. ಬ್ರೆಸ್ಟಿನ ಗುರು ಬೇಕಾದ್ದು ಅಂದುಕೊಳ್ಳಲಿ. ಅವನೇನು ಒಗೆದ ಗ್ಲೌಸ್ ಹಾಕಿಕೊಂಡು ನಿಂತಿದ್ದನೇ?

ಕಾರ್ನರ್ ಬಂತು. ಒದ್ದ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಅವಳು ಹೊರಟಾಗಿತ್ತು. ಮೊಣಕೈ, ಭುಜ, ಜಡೆ ಎಲ್ಲವನ್ನೂ ಸೀಳಿಕೊಂಡು ಮೇಲೆದ್ದು ಎರಡೂ ಮುಷ್ಟಿ ಜೋಡಿಸಿ ಗುದ್ದಿದಳು. ಅಪ್ಪ ಕೊಟ್ಟ ಕೈ ಅಲ್ಲವೇ, ಚೆಂಡು ಮೈದಾನದ ನಡುಗೆರೆ ಹುಡುಕಿಕೊಂಡು ಹೋಯಿತು. ಮೈಯೊಳಗೆ ಏನೋ ಬಿಚ್ಚಿಕೊಂಡ ಹಾಗಾಯಿತು. ಹೆರಿಗೆಯಾದ ಮೇಲೆ ಮೊದಲ ಸಲ ಅವಳಿಗೆ ತನ್ನ ಕಾಲು ತನ್ನದೇ ಅನ್ನಿಸಿತು.

ಅಷ್ಟರಲ್ಲಿ ಗ್ಯಾಲರಿಯಿಂದ ಒಂದು ಧ್ವನಿ ಎದ್ದಿತು. "ಹಾಂ! ಬಡೀ! ಇನ್ನೊಂದು ಬಡೀ!" ಶಂಕ್ರವ್ವ ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದಳು. ಬೆಳಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡ ಸಂಕಟವನ್ನೆಲ್ಲ ಗಂಟಲಿಗೆ ತಂದಿದ್ದಳು.

ಆಮೇಲೆ ಸೊಲೆನ್‌ಳನ್ನು ಹಿಡಿಯುವವರಿರಲಿಲ್ಲ. ಚೆಂಡು ಆಕಾಶದಲ್ಲಿ ಕಂಡರೆ ಸಾಕು, ಅವಳು ಅಲ್ಲಿ. ಎದುರಾಳಿಗಳು ಮೇಲಿಂದ ಚೆಂಡು ಹಾಕುವುದನ್ನೇ ಬಿಟ್ಟರು. ಪೆಲಿಕನ್ಸ್ ಒಂದು ಗೋಲು ಹೊಡೆದು ಸಮ ಮಾಡಿತು. ಆಟ ಮುಗಿಯಲು ಸ್ವಲ್ಪವೇ ಉಳಿದಾಗ ಇನ್ನೊಂದು ಕಾರ್ನರ್ ಬಂತು. ಅದನ್ನು ಅವಳು ಬೇಕೆಂದೇ ಬಲಬದಿಗೆ ಗುದ್ದಿದಳು. ಅಲ್ಲಿ ಲೂಪೆ ಎಂಬ ಚುರುಕು ಹುಡುಗಿ ಒಬ್ಬಳೇ ಕಾಯುತ್ತಿದ್ದಳು. ಎದುರಾಳಿಗಳೆಲ್ಲ ಇತ್ತ ಬಂದು ಗುಂಪುಗೂಡಿದ್ದರು, ಅತ್ತ ಲೂಪೆಗೆ ಖಾಲಿ ಮೈದಾನ. ಅವಳು ಓಡಿದಳು, ಓಡಿದಳು, ಹೊಡೆದಳು. ಗೋಲು! ಸೊಲೆನ್ ತನ್ನ ಗೋಲಿನ ಮುಂದೆ ಒಬ್ಬಳೇ ಕುಣಿದಳು. ಸ್ವಲ್ಪ ಹೊತ್ತಿಗೆ ರೆಫರಿ ಸೀಟಿ ಊದಿದ. ಪೆಲಿಕನ್ಸ್ ಗೆದ್ದಿತ್ತು.

ಹ್ಯಾರಿಯೆಟ್ ಬೇಲಿಯ ಹತ್ತಿರ ಬಂದು ಕರೆದಳು.

"ನೀನು ಗೆರೆ ಬಿಡೋದೇ ಇಲ್ಲ ಅಂತ ಕೇಳಿದ್ದೆ. ಮೊದಲರ್ಧ ನೋಡಿ ನಿಜ ಅಂದುಕೊಂಡು ಕಾರಿನ ಕೀ ತೆಗೆದಿದ್ದೆ. ಆಮೇಲೆ ಏನಾಯ್ತು?"

"ನನ್ನ ಅತ್ತೆ ಗ್ಲೌಸ್ ಒಗೆದರು," ಎಂದಳು ಸೊಲೆನ್.

ಹ್ಯಾರಿಯೆಟ್ ಗ್ಲೌಸನ್ನು ಕೈಗೆ ತೆಗೆದುಕೊಂಡು ಅಂಗೈ ಭಾಗ ಉಜ್ಜಿದಳು. ಬೆರಳಿಗೆ ಪುಡಿ ಅಂಟಿತು. ಅರ್ಥವಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಒಳ್ಳೇ ಗ್ಲೌಸ್ ನಾನು ಕೊಡಬಲ್ಲೆ. ಮುಂದೆ ನುಗ್ಗೋ ಕಾಲು ಯಾರಿಗೂ ಕೊಡೋಕಾಗಲ್ಲ. ಲಾಸ್ ಏಂಜಲೀಸಿಗೆ ಬರ್ತೀಯಾ? ಒಂದನೇ ನಂಬರಿನ ಜರ್ಸಿ," ಎಂದಳು.

ಸೊಲೆನ್ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ತಲೆ ಮಾತ್ರ ಹೌದು ಹೌದು ಎಂದು ಆಡುತ್ತಲೇ ಇತ್ತು. ಕಣ್ಣೀರು ಧಾರಾಕಾರ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಮುಚ್ಚಿಡಬೇಕೆಂದೂ ಅನ್ನಿಸಲಿಲ್ಲ.

ಗ್ಯಾಲರಿಯ ಕೊನೆಯ ಮೆಟ್ಟಿಲಲ್ಲಿ ಶಂಕ್ರವ್ವ ಕೂಸನ್ನೆತ್ತಿಕೊಂಡು ನಿಂತಿದ್ದಳು. ಹತ್ತಿರ ಬರಲು ಅವಳಿಗೆ ಧೈರ್ಯವಿರಲಿಲ್ಲ. ಸೊಸೆ ಅಳುತ್ತಿದ್ದಾಳೆ, ಕೆಲಸ ಕೆಟ್ಟಿತು ಎಂದೇ ಅವಳ ಮುಖ ಕಪ್ಪಿಟ್ಟಿತ್ತು. ಸೊಲೆನ್ ಅದನ್ನು ನೋಡಿದವಳೇ ಬೇಲಿ ಹಾರಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಬೆವರಿನ ಮೈಯಲ್ಲೇ ಅತ್ತೆಯನ್ನೂ ಕೂಸನ್ನೂ ಒಟ್ಟಿಗೆ ತಬ್ಬಿಕೊಂಡಳು. ಇಂಗ್ಲಿಷಿನಲ್ಲಿ ಬಾರದ ಮಾತು ಕನ್ನಡದಲ್ಲಿ ಬಂತು.

"ಅತ್ತಿ, ಆತು! ಆತು!"

ಮಗ ಬಂದು ಬಿಡಿಸಿ ಹೇಳುವ ತನಕ ಶಂಕ್ರವ್ವ ಕಾಯಲಿಲ್ಲ. ಮೊದಲು ಸೊಸೆಯ ಕೆನ್ನೆ ಸವರಿ, ಬೆರಳನ್ನು ತನ್ನ ಕಣತಲೆಗೆ ಒತ್ತಿ ಲಟಲಟ ಲಟಿಕೆ ಮುರಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಅಮೆರಿಕನ್ ಗಂಡಸಿನ ತೋಳು ಹಿಡಿದು ಅಲ್ಲಾಡಿಸಿ, ಅವನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಯೋಚಿಸದೆ, ಇಡೀ ಗ್ಯಾಲರಿಗೆ ಕೇಳುವಂತೆ ಹೇಳಿದಳು:

"ನೋಡಪಾ ತಮ್ಮಾ, ಇಕಿ ನಮ್ಮ ಸೊಸಿ!"