ಸುಗಟೂರು ರಸ್ತೆಯ ಇಪ್ಪತ್ತು ಕಿಲೋಮೀಟರ್

ನಡೆಯುವುದಕ್ಕೂ ತಯಾರಿ ಬೇಕೆಂದು ನನಗೆ ಗೊತ್ತಾಗಿದ್ದು ಐವತ್ತನೇ ವಯಸ್ಸಿನಲ್ಲಿ. ಕೋಲಾರದಲ್ಲಿ ಪಿಟಿ ಟೀಚರ್ ಆಗಿರುವ ಪವಿತ್ರ ಹೆಂಗಸರದ್ದೊಂದು ಗುಂಪು ಕಟ್ಟಿದ್ದಾಳೆ. ಅಂತರಗಂಗೆಯ ಮೆಟ್ಟಿಲು ಹತ್ತಿ, ತೇರಹಳ್ಳಿ ಬೆಟ್ಟದ ಮೇಲಿನ ಊರುಗಳನ್ನು ಸುತ್ತಿ, ಕತ್ತಲಾಗುವುದರೊಳಗೆ ಕೆಳಗಿಳಿಯಬೇಕು. ಒಂದೇ ದಿನಕ್ಕೆ ಮೂವತ್ತೈದು ಕಿಲೋಮೀಟರ್. ನಾನೂ ಹೆಸರು ಕೊಟ್ಟೆ.

ಆ ಬೆಟ್ಟದ ಮೇಲಿನ ಒಂದೂರಿನಲ್ಲಿ ನಮ್ಮ ಅಜ್ಜಿಯ ಮನೆಯಿತ್ತು. ಚಿಕ್ಕಂದಿನಲ್ಲಿ ನಾನು ಒಂದು ಸಲವೂ ಪೂರ್ತಿ ನಡೆದು ಹತ್ತಿದವಳಲ್ಲ. ಅರ್ಧದಲ್ಲಿ ಕೂತು ಅಳುತ್ತಿದ್ದೆ, ಅಣ್ಣ ಕೋದಂಡರಾಮಪ್ಪ ಹೆಗಲ ಮೇಲೆ ಹೊತ್ತುಕೊಂಡು ಹತ್ತುತ್ತಿದ್ದ. ಈಗ ಅವನಿಗೂ ನನಗೂ ಮಾತಿಲ್ಲ. ನಾಲ್ಕು ವರ್ಷದ ಹಿಂದೆ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಪತ್ರಿಕೆಯ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದ. ಮನೆಯ ಹೆಣ್ಣುಮಗಳನ್ನು ಬಂದು ಕುಂಕುಮ ಕೊಟ್ಟು ಕರೆಯುವುದು ಬಿಟ್ಟು, ಊರಿಗೆಲ್ಲ ಕಳಿಸಿದ್ದನ್ನೇ ನನಗೂ ಕಳಿಸುವುದೇ? ನಾನು ಹೋಗಲಿಲ್ಲ. ಹೋಗಲಿಲ್ಲವೆಂದು ಅವನು ಮುಖ ತಿರುಗಿಸಿಕೊಂಡ. ಇರಲಿ, ಯಾರ ಹೆಗಲೂ ಬೇಡ, ನನ್ನ ಕಾಲಲ್ಲೇ ಬೆಟ್ಟ ಹತ್ತುತ್ತೇನೆ ಅನ್ನುವ ಹಟ ನನಗೆ.

ತಯಾರಿ ಶುರುವಾಗಿದ್ದೇ ತಲೆ ಕೆಟ್ಟುಹೋಯಿತು. ಪವಿತ್ರ ಎರಡು ಜೊತೆ ಕಾಲುಚೀಲ ಹಾಕು ಅಂದಳು. ಪಕ್ಕದ ಮನೆ ಅಕ್ಕಯಮ್ಮ, ಕಾಲುಚೀಲ ಹಾಕಿದರೆ ಬೊಬ್ಬೆ ಬರುತ್ತೆ, ಹರಳೆಣ್ಣೆ ಹಚ್ಚು ಅಂದಳು. ಎರಡನ್ನೂ ಮಾಡಿದೆ, ಶೂ ಒಳಗೆ ಕಾಲು ಜಾರತೊಡಗಿತು. ನೀರು ಜಾಸ್ತಿ ಕುಡಿ ಅಂತ ಒಬ್ಬರು, ಕುಡಿಯಲೇಬೇಡ ಅಂತ ಇನ್ನೊಬ್ಬರು.

ಎಲ್ಲಕ್ಕಿಂತ ದೊಡ್ಡ ಪೇಚಾಟವೆಂದರೆ ಪವಿತ್ರಳ ಪರೀಕ್ಷೆ. ಬೆಟ್ಟ ಹತ್ತುವುದಕ್ಕೆ ಒಂದು ವಾರ ಮೊದಲು, ಭಾನುವಾರ, ಇಪ್ಪತ್ತು ಕಿಲೋಮೀಟರ್ ನಡೆದು ತೋರಿಸಬೇಕು. ನನ್ನ ಫೋನಿನಲ್ಲಿ, ನಾನು ನಡೆದ ದಾರಿ ಅವಳಿಗೂ ಕಾಣುವಂಥ ಒಂದು ಆಪ್ ಹಾಕಿಕೊಟ್ಟಿದ್ದಳು. "ಗಾಡಿ ಹತ್ತಿದ್ರೆ ಇದ್ರಲ್ಲಿ ಗೊತ್ತಾಗ್ಬಿಡುತ್ತೆ ಅಕ್ಕಾ. ಹೆಸರು ತೆಗೆದುಬಿಡ್ತೀನಿ," ಅಂದಿದ್ದಳು.

ಅವತ್ತು ನಮ್ಮ ರೇಷ್ಮೆ ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡುವುದಕ್ಕೆ, ಕೂತಿದ್ದವು. ಜ್ವರದಲ್ಲಿ ಹುಳ ಸೊಪ್ಪು ಮುಟ್ಟುವುದಿಲ್ಲ, ನಮಗೂ ಒಂದು ದಿನ ಬಿಡುವು. ಬೆಳಿಗ್ಗೆಯೇ ಸುಗಟೂರಿನಿಂದ ಕೋಲಾರದ ದಿಕ್ಕಿಗೆ ಹೊರಟೆ. ಹತ್ತು ಕಿಲೋಮೀಟರ್ ಹೋಗಿ ವಾಪಸ್ಸು ಬರುವ ಲೆಕ್ಕ.

ನಮ್ಮ ರಸ್ತೆಯಲ್ಲಿ ನಡೆಯುವುದು ಸುಲಭವಲ್ಲ ಅನ್ನುವುದು ಆಗ ತಿಳಿಯಿತು. ಗೊತ್ತಿರುವವರು ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸದೆ ಹೋಗುವವರು ನಮ್ಮಲ್ಲಿಲ್ಲ. ನಿಲ್ಲಿಸಿದ ಮೇಲೆ ಹತ್ತದೆ ಹೋದರೆ ಅದು ಕೋಪವೆಂದೇ ಅರ್ಥ. ಮೊದಲು ಡೈರಿಯ ಸೊಣ್ಣಪ್ಪ ಬೈಕ್ ನಿಲ್ಲಿಸಿದ. ಬೇಡ ಅಂದೆ.

"ಯಾಕಕ್ಕಾ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ ಕಣೋ, ಸುಮ್ನೆ ನಡೀತಿದ್ದೀನಿ."

"ಸುಮ್ನೆ ಯಾರ್ ನಡೀತಾರೆ?" ಅವನ ಮುಖ ಸಣ್ಣದಾಯಿತು.

ಹೀಗೆ ಎರಡು ಬೈಕು, ಒಂದು ಆಟೋ, ಒಂದು ಟ್ರ್ಯಾಕ್ಟರು. ಒಂಬತ್ತು ಗಂಟೆಗೆ ನನ್ನ ಯಜಮಾನರು ಮುನಿಕೃಷ್ಣಪ್ಪ ಫೋನ್ ಮಾಡಿದರು. "ಸೊಣ್ಣಪ್ಪ ಬಂದು ಕೂತವ್ನೆ. ಗಂಡ ಹೆಂಡ್ತಿ ಜಗಳ ಆಡಿದ್ರಾ ಅಂತಾನೆ. ಊರೋರಿಗೆ ಏನಂತ ಹೇಳ್ಲೇ ನಾನು?"

ಇಡೀ ಊರಿನ ಮೇಲೆ ಮುನಿಸಿಕೊಂಡವಳಾಗಿಬಿಟ್ಟಿದ್ದೆ. ನಿಜವಾಗಿ ಮುನಿಸಿದ್ದದ್ದು ಒಬ್ಬನ ಮೇಲೆ.

ವಾಪಸ್ಸು ಬರುವಾಗ, ಹದಿನೇಳು ಮುಗಿದು ಇನ್ನು ಮೂರು ಕಿಲೋಮೀಟರ್ ಇದೆ ಅನ್ನುವಾಗ, ಆ ಒಬ್ಬನ ಟೆಂಪೋನೇ ಬಂದು ಪಕ್ಕದಲ್ಲಿ ನಿಂತಿತು. ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಹಾಕಿ, ಖಾಲಿ ಕ್ರೇಟುಗಳನ್ನು ತುಂಬಿಕೊಂಡು ಬರುತ್ತಿದ್ದ. ಅಣ್ಣ ನನ್ನ ಮುಖ ನೋಡಲಿಲ್ಲ. ಎದುರಿನ ಗಾಜನ್ನು ನೋಡುತ್ತಲೇ ಕೈ ಚಾಚಿ ಬಾಗಿಲು ತೆಗೆದ.

"ಎಕ್ಕಮ್ಮಾ," ಅಂದ, ನಮ್ಮ ಮನೆಯ ತೆಲುಗಿನಲ್ಲಿ. ಬೆಟ್ಟದ ಅರ್ಧದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಗಲು ತೋರಿಸಿ ಅನ್ನುತ್ತಿದ್ದುದೂ ಅದನ್ನೇ, ಹತ್ತಮ್ಮಾ ಅಂತ.

ಹತ್ತಿದರೆ ಬೆಟ್ಟ ಹೋಯಿತು. ಹತ್ತದಿದ್ದರೆ ಅಣ್ಣ ಹೋದ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು, ಹಿಂದೆ ಬಸ್ಸು ಹಾರನ್ ಹೊಡೆಯಿತು. ನಾನು ಹತ್ತಿಬಿಟ್ಟೆ.

ಒಂದು ಕಿಲೋಮೀಟರ್ ದಾಟಿತು.

"ಎಲ್ಲಿಗೋಗಿದ್ದೆ?" ಅಂತ ಕೇಳಿದ.

"ಎಲ್ಲಿಗೂ ಇಲ್ಲ."

"ಮತ್ತೆ ಬಿಸಿಲಲ್ಲಿ ಯಾಕೆ ನಡೀತಿದ್ದೆ?"

ಹೇಳಿದೆ. ಅಜ್ಜಿಯ ಊರು, ಪವಿತ್ರ, ಇಪ್ಪತ್ತು ಕಿಲೋಮೀಟರ್, ಎಲ್ಲವನ್ನೂ. ಹೇಳುವಾಗ ಅಳು ಬಂತು. ಅಣ್ಣ ಬ್ರೇಕ್ ಹಾಕಿದ. ಗೇರ್ ಬದಲಾಯಿಸಿ, ಕುತ್ತಿಗೆ ಹೊರಗೆ ಹಾಕಿ, ಆ ಒಂದು ಕಿಲೋಮೀಟರನ್ನೂ ರಿವರ್ಸ್‌ನಲ್ಲೇ ಬಂದ. ಕ್ರೇಟುಗಳು ಗಡಗಡ ಅನ್ನುತ್ತಿದ್ದವು. ನಾನು ಹತ್ತಿದ ಹೊಂಗೆಮರದ ಹತ್ತಿರವೇ ನಿಲ್ಲಿಸಿದ.

"ಇಳಿ. ಇಲ್ಲೇ ಅಲ್ವಾ ಹತ್ತಿದ್ದು? ಈಗ ಲೆಕ್ಕ ಸರಿಯಾಯ್ತು, ನಡಿ."

ಫೋನು ಎಲ್ಲವನ್ನೂ ಬರೆದುಕೊಂಡಿದೆ, ಇನ್ನು ನಡೆದರೂ ಉಪಯೋಗವಿಲ್ಲ ಅಂತ ಹೇಳುವ ಮನಸ್ಸಾಗಲಿಲ್ಲ. ನಡೆದೆ. ಅಣ್ಣ ಮೊದಲನೇ ಗೇರಿನಲ್ಲಿ ಹಿಂದೆಯೇ ಬಂದ, ಮೂರು ಕಿಲೋಮೀಟರ್. ನೋಡಿದವರು ಏನಂದುಕೊಂಡರೋ.

ಮನೆ ಬಾಗಿಲಲ್ಲಿ ಪವಿತ್ರಳ ಫೋನ್ ಬಂತು. "ಏನಕ್ಕಾ ಇದು, ಸರ್ರನೆ ಮುಂದೆ ಹೋಗಿ, ವಾಪಸ್ಸು ಬಂದಿದ್ದೀಯ? ನಂಗೊಂದೂ ಅರ್ಥ ಆಗ್ತಿಲ್ಲ. ಆದ್ರೂ ರೂಲ್ಸ್ ರೂಲ್ಸೇ." ಹೆಸರು ಹೋಯಿತು.

ಅಣ್ಣ ಟೆಂಪೋ ಇಳಿಯದೆ ಎಲ್ಲವನ್ನೂ ಕೇಳಿಸಿಕೊಂಡ. "ಬೆಟ್ಟ ಏನು ಆ ಟೀಚರಮ್ಮಂದಾ? ಭಾನುವಾರ ಬೆಳಿಗ್ಗೆ ಐದಕ್ಕೆ ನಾನೇ ಬರ್ತೀನಿ, ಕರೆಯೋಕೆ," ಅಂದ. ಗಾಡಿ ಹೊರಡಿಸಿ ಮತ್ತೆ ನಿಲ್ಲಿಸಿದ. "ಫೋನ್ ಮಾಡಲ್ಲ. ಒಳಗೆ ಬಂದು ಕರೀತೀನಿ."

ಈಗ ತಯಾರಿ ಮತ್ತೆ ಮೊದಲಿನಿಂದ ಶುರುವಾಗಿದೆ. ಹರಳೆಣ್ಣೆಯೋ ಕಾಲುಚೀಲವೋ ಇನ್ನೂ ತೀರ್ಮಾನವಾಗಿಲ್ಲ. ಅಣ್ಣನಿಗೆ ಅರವತ್ತೆರಡು, ಕಾಲಲ್ಲಿ ಹವಾಯಿ ಚಪ್ಪಲಿ. ಅರ್ಧ ಬೆಟ್ಟದಲ್ಲಿ ಅವನು ಕೂತುಬಿಟ್ಟರೆ ನಾನು ಹೇಗೆ ಹೊರುವುದು ಅನ್ನುವುದೇ ಯೋಚನೆ.