ಎರಡನೇ ಲೋಟ

ಪ್ರೆಸ್ಸಿನಲ್ಲಿ ಅವನಿಗೆ ಹದ್ದಿನ ಕಣ್ಣಿನವನೆಂದೇ ಹೆಸರು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಪುಟವನ್ನೂ ಓದಿ ತಪ್ಪು ಹೆಕ್ಕುವುದು ಅವನ ಕೆಲಸ. ಅದಕ್ಕೊಂದು ಉಪಾಯವನ್ನೂ ಕಂಡುಕೊಂಡಿದ್ದ: ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು. ಹಾಗೆ ಓದಿದರೆ ಕಥೆ ತಲೆಗೆ ಹತ್ತುವುದಿಲ್ಲ, ಕಥೆ ಹತ್ತದಿದ್ದರೆ ಕಣ್ಣು ಜಾರುವುದಿಲ್ಲ. ಹೀಗೆ ರಾಶಿಗಟ್ಟಲೆ ಪುಸ್ತಕ ಓದಿದ ಮಹಾಶಯ, ಅವುಗಳಲ್ಲಿ ಏನಿತ್ತೆಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ.

ಮಗಳಿಗೆ ಓದಲು ಕಲಿಸಿದವನೂ ಅವನೇ. ಪದದ ಕೆಳಗೆ ಬೆರಳಿಡಬೇಕು, ಅಚ್ಚಾದದ್ದರಲ್ಲಿ ಒಂದಕ್ಷರ ಬಿಡಬಾರದು, ಅಚ್ಚಾಗದ ಒಂದಕ್ಷರ ಸೇರಿಸಬಾರದು. ಮಗಳು ಅಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಅದರ ಫಲ ಮೂರನೇ ಕ್ಲಾಸಿನಲ್ಲಿ ಕಾಣಿಸಿತು. ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ, ಪ್ರಶ್ನೆಪತ್ರಿಕೆಯ ಅಚ್ಚಿನ ತಪ್ಪುಗಳಿಗೆ ಒಂದೂ ಬಿಡದೆ ಸುತ್ತು ಹಾಕಿ, ಅರ್ಧ ಪ್ರಶ್ನೆಗಳಿಗೆ ಉತ್ತರವನ್ನೇ ಬರೆಯದೆ ಬಂದಿದ್ದಳು. ಟೀಚರು ಅವನನ್ನು ಕರೆಸಿದರು. ಪಾಠದಲ್ಲಿ ನೇರವಾಗಿ ಇರುವುದನ್ನು ಬರೆಯುತ್ತಾಳೆ, ಯೋಚಿಸಿ ಹೇಳಬೇಕಾದ ಕಡೆ ಖಾಲಿ ಬಿಡುತ್ತಾಳೆ ಎಂದರು. ಕೊನೆಯ ಪರೀಕ್ಷೆಯಲ್ಲೂ ಹೀಗೇ ಆದರೆ ಇನ್ನೊಂದು ವರ್ಷ ಅದೇ ಕ್ಲಾಸು. ಆ ಮಾತು ಕೇಳಿದಾಗಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಸರಿಯಾಗಿ ಆ ಕೊನೆಯ ಪರೀಕ್ಷೆಯ ಹೊತ್ತಿಗೇ ಹುಡುಗಿಗೆ ಮಂಗನಬಾವು ಬಂತು. ಶಾಲೆಯವರು ಪ್ರಶ್ನೆಪತ್ರಿಕೆಯನ್ನು ಮನೆಗೇ ಕಳಿಸಿದರು. ದೊಡ್ಡವರು ಪಕ್ಕದಲ್ಲಿ ಕೂರಬಹುದು, ಉತ್ತರ ಹೇಳಿಕೊಡುವಂತಿಲ್ಲ ಎಂದು ಷರತ್ತು. ಹೆಂಡತಿ ಡ್ಯೂಟಿಗೆ ಹೊರಡುವಾಗ, "ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ, ಸಾಕು," ಎಂದು ಎಚ್ಚರಿಸಿಯೇ ಹೋದಳು.

ಅವನು ಊಟದ ಮೇಜು ಒರೆಸಿ, ಪೆನ್ಸಿಲ್ ಕೆತ್ತಿ ಕೊಟ್ಟ. ಮಗಳು ಊದಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು, ಬೆರಳಿಟ್ಟು ಓದತೊಡಗಿದಳು. ಒಬ್ಬ ಅಜ್ಜನ ಕಥೆ. ಅಜ್ಜ ದಿನಾ ಸಂಜೆ ಪಾರ್ಕಿಗೆ ಬಂದು ಖಾಲಿ ಬೆಂಚಿನ ಒಂದು ತುದಿಯಲ್ಲಿ ಕೂರುತ್ತಾನೆ. ಚೀಲದಿಂದ ಎರಡು ಲೋಟ ತೆಗೆದು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾನೆ. ಒಂದನ್ನು ಪಕ್ಕದಲ್ಲಿಟ್ಟು ಇನ್ನೊಂದನ್ನು ಕುಡಿಯುತ್ತಾನೆ. ಪಕ್ಕದ್ದು ಆರಿದ ಮೇಲೆ ಗಿಡದ ಬುಡಕ್ಕೆ ಸುರಿದು, ಎರಡೂ ಲೋಟ ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಅಷ್ಟೇ.

ಮೊದಲ ಪ್ರಶ್ನೆಗಳು ನೀರು ಕುಡಿದಷ್ಟು ಸುಲಭವಾಗಿ ಮುಗಿದವು. ಆಮೇಲೆ ಬಂತು: ಅಜ್ಜ ಎರಡು ಲೋಟ ಏಕೆ ತರುತ್ತಾನೆ? ಪೆನ್ಸಿಲ್ ನಿಂತಿತು.

ಅಪ್ಪ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು ಮೇಲಿನಿಂದ ಕೆಳಕ್ಕೆ ಓದಿದ, ಕೆಳಗಿನಿಂದ ಮೇಲಕ್ಕೆ ಓದಿದ. ಉತ್ತರ ಎಲ್ಲೂ ಇರಲಿಲ್ಲ. ತಟ್ಟನೆ ಹೊಳೆಯಿತು, ಅಚ್ಚಿನಲ್ಲಿ ಒಂದು ಸಾಲೇ ಹಾರಿಹೋಗಿದೆ! ಪ್ರೂಫ್ ನೋಡಿದ ಪುಣ್ಯಾತ್ಮ ನಿದ್ದೆಗಣ್ಣಲ್ಲಿ ನೋಡಿರಬೇಕು. ಹೋದ ಜೀವ ಬಂದಂತಾಗಿ, ಸಾಲು ಬಿಟ್ಟಿದೆ ಎಂಬ ಗುರುತನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಹಾಕಿಯೇಬಿಟ್ಟ.

"ಇಲ್ಲೊಂದು ಸಾಲು ಬಿಟ್ಟುಹೋಗಿದೆ. ಟೀಚರಿಗೆ ನಾನು ಹೇಳ್ತೀನಿ. ನೀನು ಮುಂದಿನದು ಬರಿ."

ಮಗಳು ಕದಲಲಿಲ್ಲ. "ಸಾಲು ಬಿಟ್ಟುಹೋಗಿಲ್ಲ ಅಪ್ಪ," ಎಂದಳು. "ಅಜ್ಜಿ ಈಗಿಲ್ಲ."

"ಯಾವ ಅಜ್ಜಿ?"

"ಅಜ್ಜನ ಜೊತೆ ಬರ್ತಿದ್ದ ಅಜ್ಜಿ. ಬೆಂಚೆಲ್ಲ ಖಾಲಿ ಇದ್ರೂ ತುದೀಲೇ ಕೂತ್ಕೋತಾರಲ್ಲ, ಅವರ ಜಾಗ ಬಿಟ್ಟು. ಟೀ ಕುಡಿಯೋಕೆ ಯಾರೂ ಬರಲ್ಲ ಅಂತ ಅಜ್ಜನಿಗೂ ಗೊತ್ತು. ಆದ್ರೂ ಒಂದೇ ಲೋಟ ತರೋಕೆ ಮನಸ್ಸು ಬರಲ್ಲ." ಅಪ್ಪನ ಮುಖ ನೋಡಿದಳು. "ಅಚ್ಚಾಗಿಲ್ಲ. ಆದ್ರೆ ಗೊತ್ತಾಗುತ್ತೆ. ಬರೀಬಹುದಾ?"

ಹಾಳೆಯಲ್ಲಿ ಒಂದು ಚುಕ್ಕೆ ಮಸಿಯೂ ಖರ್ಚಾಗದ ಅಜ್ಜಿಯೊಬ್ಬಳು ಆ ಬೆಂಚಿನ ಮೇಲೆ ಕೂತಿದ್ದಳು. ಹದ್ದಿನ ಕಣ್ಣಿಗೆ ಕಾಣದ ಅವಳು ಎಂಟು ವರ್ಷದ ಮಗುವಿಗೆ ಕಂಡಿದ್ದಳು. ನಿನ್ನೆ ಮೊನ್ನೆ ಚಪ್ಪಲಿ ಅದಲುಬದಲು ಹಾಕಿಕೊಳ್ಳುತ್ತಿದ್ದ ಹುಡುಗಿಯ ಪುಟ್ಟ ತಲೆಯೊಳಗೆ ಇಷ್ಟೆಲ್ಲ ಯಾವಾಗ ಬಂದು ಸೇರಿತು? ಹಾಗಾದರೆ ಹಿಂದೆ ಖಾಲಿ ಬಿಟ್ಟ ಉತ್ತರಗಳೂ ಅವಳಿಗೆ ಗೊತ್ತಿದ್ದವು. ಅಪ್ಪನ ಮಾತಿಗೆ ಕಟ್ಟುಬಿದ್ದು ನುಂಗಿಕೊಂಡು ಕೂತಿದ್ದಳು, ಅಷ್ಟೇ.

ರಬ್ಬರ್ ತೆಗೆದುಕೊಂಡು ಅಂಚಿನಲ್ಲಿದ್ದ ತನ್ನ ಗುರುತನ್ನು ಅಳಿಸಿದ. "ಬರಿ ಕಂದ," ಎಂದ. "ಗೊತ್ತಾಗಿದ್ದೆಲ್ಲ ಬರಿ."

ಆ ವರ್ಷ ಅವಳು ಪಾಸಾದಳು, ಟೀಚರು ಆ ಉತ್ತರವನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಅದೆಲ್ಲ ಆಮೇಲಿನ ಮಾತು. ಅಂದು ಅವಳು ಬರೆದು ಮುಗಿಸಿ ನೀರು ಕುಡಿಯಲು ಎದ್ದಾಗ, ಅವನು ಹಾಳೆಯನ್ನು ಎಳೆದುಕೊಂಡು ಮತ್ತೆ ಮೊದಲ ಸಾಲಿನಿಂದ ಓದಿದ. ಅವಸರವಿರಲಿಲ್ಲ. ಎರಡನೇ ಲೋಟದ ಹತ್ತಿರ ಬರುವಷ್ಟರಲ್ಲಿ ಅಕ್ಷರಗಳು ಮಂಜಾದವು.

ಮಗಳು ಹಿಂದೆ ಬಂದು ನಿಂತು, "ಇನ್ನೂ ತಪ್ಪು ಸಿಕ್ತಾ ಅಪ್ಪ?" ಎಂದು ಕೇಳಿದಳು.

"ಇಲ್ಲಮ್ಮ," ಎಂದು ಅವನು ಕಣ್ಣೊರೆಸಿಕೊಂಡ. "ಕಥೆ ಓದ್ತಿದೀನಿ."